ಅಡುಗೆಮನೆಯ ನಲ್ಲಿಯ ಲೆಕ್ಕ

ಸಂಸಾರದ ಖರ್ಚುಗಳಲ್ಲಿ ಎರಡು ಬಗೆ. ಮದುವೆ, ಗೃಹಪ್ರವೇಶ, ಮಕ್ಕಳ ಲಿಂಗದೀಕ್ಷೆ ಮುಂತಾದ ಖರ್ಚುಗಳಿಗೆ ಮನೆಯ ಹಿರಿಯರೆಲ್ಲ ಕೂಡುತ್ತಾರೆ, ಪಟ್ಟಿ ಬರೆಯುತ್ತಾರೆ, ಒಂದೊಂದು ರೂಪಾಯಿಗೂ ಸ್ಥಾನ ಗೊತ್ತು ಮಾಡುತ್ತಾರೆ. ಇನ್ನೊಂದು ಬಗೆಯವು ಹೇಳದೆ ಕೇಳದೆ ಬರುತ್ತವೆ. ಕುಕ್ಕರಿನ ರಬ್ಬರು, ಒಲೆಯ ಬರ್ನರು, ಮಿಕ್ಸಿಯ ಜಾರು, ಅಡುಗೆಮನೆಯ ನಲ್ಲಿ. ಇವುಗಳಿಗಾಗಿ ಯಾರೂ ಸಭೆ ಸೇರುವುದಿಲ್ಲ. ಆದರೆ ಮದುವೆಯ ಮಂಟಪದಲ್ಲಿ ನಾವು ಕಳೆಯುವುದು ಎರಡು ದಿನ. ನಲ್ಲಿಯ ಮುಂದೆ ಗೃಹಿಣಿಯು ಕಳೆಯುವುದು ಒಂದು ಜೀವಮಾನ. ಇಂಥದೊಂದು ಸಣ್ಣ ಖರ್ಚಿನ ಲೆಕ್ಕವನ್ನು ಮನೆವಾರ್ತೆ ನಡೆಸುವ ಸೋದರಿಯರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಇಲ್ಲಿ ಒಪ್ಪಿಸುತ್ತಿದ್ದೇನೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ನೀರಿನ ಮಾತು ಎಂದರೆ ಹಗುರವಾದ ಮಾತಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಹಿಂದಿನವರು ಊರೂರಿಗೆ ಕೆರೆ ಕಟ್ಟಿ ಬದುಕಿದರು. ನಾವು ಕೊಳವೆ ಬಾವಿ ಕೊರೆದು ಸಾವಿರ ಅಡಿಗೂ ಕೆಳಗಿಳಿದೆವು. ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಒದಗಿಸಲೆಂದು ನಮ್ಮ ತಾಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟೆ 2023ರಲ್ಲಿ ಲೋಕಾರ್ಪಣೆಯಾಯಿತು. ಇಷ್ಟು ದೂರದಿಂದ, ಇಷ್ಟು ಆಳದಿಂದ, ಇಷ್ಟು ಜನರ ಶ್ರಮದಿಂದ ಬರುವ ನೀರು ಕೊನೆಗೆ ನಮ್ಮ ಕೈಗೆ ಸೇರುವುದು ಅರ್ಧ ಅಂಗುಲದ ಒಂದು ಹಿತ್ತಾಳೆಯ ಬಾಯಿಂದ. ಆ ಬಾಯಿ ಸೋರಿದರೆ ಹಿಂದಿನ ಶ್ರಮವೆಲ್ಲ ಅಷ್ಟರಮಟ್ಟಿಗೆ ಸೋರಿದಂತೆಯೇ.

ಚಿನ್ನದ ಗಣಿಯ ಕಥೆಯಲ್ಲಿಯೂ ನೀರಿಗೆ ದೊಡ್ಡ ಪಾಲಿದೆ. 1902ರಲ್ಲಿ ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ವಿದ್ಯುತ್ತು ಬಂದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಕಾಲಕ್ಕೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಗಣಿ ಪಟ್ಟಣಕ್ಕೆ ಕೊಳಾಯಿ ನೀರಿನ ಏರ್ಪಾಡಾಯಿತೆಂಬುದನ್ನು ನೆನೆಯುವವರು ಕಡಿಮೆ. ಗಣಿಯ ಲೈನ್ ಮನೆಗಳಲ್ಲಿ ಬಾಳಿದವರಿಗೆ ಬೀದಿಯ ನಲ್ಲಿಯೇ ಕೆರೆ, ಅದೇ ಬಾವಿ, ಅದೇ ಹೆಂಗಸರ ಪರಿಷತ್ತು. ನಮ್ಮ ಅತ್ತೆಯವರು ಮದುವೆಯಾಗಿ ಬಂದದ್ದು ಅಂಥ ಲೈನಿಗೆ. ಮಾವನವರು ಗಣಿಯ ಕಚೇರಿಯಲ್ಲಿದ್ದರು. ನಮ್ಮ ಯಜಮಾನರೂ ಅಲ್ಲಿಯೇ ಗುಮಾಸ್ತರಾಗಿದ್ದರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ನಾವು ಬಂಗಾರಪೇಟೆಯ ಹಿರಿಯರ ಮನೆಗೆ ಬಂದು ನೆಲೆಸಿದೆವು. ಯಜಮಾನರು ಇಂದಿಗೂ ದಿನಸಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಮನೆಯಲ್ಲಿ ನೂರು ರೂಪಾಯಿಗೆ ನೂರು ರೂಪಾಯಿಯ ಬೆಲೆಯಿದೆ ಎಂದು ತಿಳಿಸಲು ಇಷ್ಟು ಹೇಳಬೇಕಾಯಿತು.

ನಮ್ಮ ಅಡುಗೆಮನೆಯಲ್ಲಿದ್ದದ್ದು ಮನೆ ಕಟ್ಟಿದಾಗ ಗೋಡೆಗೆ ಕೂರಿಸಿದ ಹಳೆಯ ತಿರುಗುಣಿ ನಲ್ಲಿ. ಅದು ಸೋರತೊಡಗಿ ಎರಡು ವರ್ಷವಾಗಿತ್ತು. ವರ್ಷಕ್ಕೆ ಮೂರು ಬಾರಿ ವಾಷರು ಬದಲಾಯಿಸಿದೆವು. ವಾಷರಿಗೆ ಹತ್ತು ರೂಪಾಯಿ, ಹಾಕುವವನ ಕೂಲಿ ನೂರೈವತ್ತು. ಹಾಕಿದ ಹೊಸತರಲ್ಲಿ ನಿಲ್ಲುತ್ತಿತ್ತು, ತಿಂಗಳೆರಡು ತಿಂಗಳಲ್ಲಿ ಮತ್ತೆ ತೊಟ್ಟಿಕ್ಕುತ್ತಿತ್ತು. ಒಂದು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಕೊಡವೊಂದನ್ನು ಅದರ ಕೆಳಗಿಟ್ಟು ಅಳೆದು ನೋಡಿದೆ. ಎಂಟು ಗಂಟೆಗೆ ಆರು ಲೀಟರು! ಅಂದರೆ ದಿನಕ್ಕೆ ಹದಿನೆಂಟು, ವರ್ಷಕ್ಕೆ 6,570 ಲೀಟರು. ಜಲಜೀವನ ಯೋಜನೆಯಲ್ಲಿ ಗ್ರಾಮೀಣ ವ್ಯಕ್ತಿಯೊಬ್ಬರಿಗೆ ದಿನಕ್ಕೆ ಗೊತ್ತುಪಡಿಸಿರುವ ನೀರು 55 ಲೀಟರು. ಅದರಲ್ಲಿ ಮೂರನೆಯ ಒಂದು ಪಾಲನ್ನು ನಮ್ಮ ನಲ್ಲಿ ಯಾರಿಗೂ ಉಪಯೋಗವಿಲ್ಲದೆ ಕುಡಿಯುತ್ತಿತ್ತು. ಕಳೆದ ಬೇಸಿಗೆಯಲ್ಲಿ ಐದು ಸಾವಿರ ಲೀಟರಿನ ಟ್ಯಾಂಕರಿಗೆ ನಾವು ಕೊಟ್ಟದ್ದು 800 ರೂಪಾಯಿ. ಆ ಲೆಕ್ಕದಲ್ಲಿ ವರ್ಷದ ಸೋರಿಕೆಗೆ ಸಾವಿರ ರೂಪಾಯಿಯ ಮೇಲಾಯಿತು.

ವಾಷರು ಹೊಸದಾದರೂ ನೀರು ನಿಲ್ಲದಿರುವುದಕ್ಕೆ ಕಾರಣವುಂಟು. ಹಳೆಯ ಮಾದರಿಯ ನಲ್ಲಿಯೊಳಗೆ ಒಂದು ತಿರುಪು ಇಳಿದು, ತನ್ನ ತುದಿಯ ರಬ್ಬರನ್ನು ಒಂದು ಹಿತ್ತಾಳೆಯ ಪೀಠದ ಮೇಲೆ ಒತ್ತಿ ನೀರನ್ನು ತಡೆಯುತ್ತದೆ. ನಮ್ಮ ಕಡೆಯ ಗಡಸು ನೀರಿನ ಸುಣ್ಣವೂ ಕೊಳವೆ ಬಾವಿಯ ಮರಳೂ ಸೇರಿ ಆ ಪೀಠದಲ್ಲಿಯೇ ಗೀರು ಕೊರೆದುಬಿಡುತ್ತವೆ. ಪೀಠ ಕೆಟ್ಟ ಮೇಲೆ ರಬ್ಬರು ಎಷ್ಟು ಹೊಸದಾದರೇನು? ನೀರು ನಿಲ್ಲಲೆಂದು ಮನೆಯವರೆಲ್ಲ ಬಲವಾಗಿ ತಿರುಗಿಸುತ್ತಾರೆ. ಬಲವಾಗಿ ತಿರುಗಿಸಿದಷ್ಟೂ ರಬ್ಬರು ಬೇಗ ಸವೆಯುತ್ತದೆ. ಸವೆದಷ್ಟೂ ಇನ್ನಷ್ಟು ಬಲ ಬೇಕಾಗುತ್ತದೆ.

ಈ ಬಲದ ಮಾತಿನಲ್ಲಿಯೇ ನಮ್ಮ ಮನೆಯ ನಿಜವಾದ ಕಷ್ಟವಿತ್ತು. ಅತ್ತೆಯವರಿಗೆ ಎಂಬತ್ತನಾಲ್ಕು ವರ್ಷ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿವೆ. ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ಇಷ್ಟಲಿಂಗ ಪೂಜೆಗೆ ಅಗ್ಘವಣಿಯನ್ನು ತಾವೇ ಹಿಡಿದುಕೊಳ್ಳುವುದು ಅವರ ಬಾಳಿನ ನಿಯಮ. ಲೈನಿನಲ್ಲಿದ್ದಾಗ ಬೀದಿಯ ನಲ್ಲಿಯ ಮುಂದೆ ಎಲ್ಲರಿಗಿಂತ ಮೊದಲು ನಿಂತು ತಂಬಿಗೆ ತುಂಬಿಸಿಕೊಂಡು ಬರುತ್ತಿದ್ದರಂತೆ. ನಾವು ಹಗಲೆಲ್ಲ ಬಿಗಿದಿಟ್ಟ ನಲ್ಲಿ ಈಗ ಅವರ ಕೈಗೆ ಬೀಗವಾಯಿತು. ಮೊದಮೊದಲು ನನ್ನನ್ನು ಎಬ್ಬಿಸುತ್ತಿದ್ದರು. ಆಮೇಲೆ ಎಬ್ಬಿಸುವುದನ್ನು ಬಿಟ್ಟರು. ರಾತ್ರಿ ನಾನು ಮಲಗುವ ಮುನ್ನವೇ ತಂಬಿಗೆ ತುಂಬಿಸಿಡುವಂತೆ ಹೇಳತೊಡಗಿದರು. ಏಕೆಂದು ಕೇಳಿದರೆ, “ನಿನಗೂ ವಯಸ್ಸಾಯಿತಮ್ಮಾ, ನಿದ್ದೆ ಕೆಡಬಾರದು” ಎಂದರೇ ಹೊರತು ತಮ್ಮ ಕೈ ನಡೆಯದೆಂದು ಹೇಳಲಿಲ್ಲ. ಅರುವತ್ತು ವರ್ಷ ತಪ್ಪದೆ ನಡೆಸಿದ ನಿಯಮವನ್ನು ಒಂದು ನಲ್ಲಿಯ ಬಿಗಿಗಾಗಿ ಅವರು ಸದ್ದಿಲ್ಲದೆ ಬಿಟ್ಟುಕೊಟ್ಟಿದ್ದರು. ಪೂಜೆಗೆ ನೀರು ಯಾರು ಹಿಡಿದರೇನು ಎಂದು ಕೇಳಬಹುದು. ಲಿಂಗಪೂಜೆ ಇನ್ನೊಬ್ಬರ ಕೈಯಿಂದ ಮಾಡಿಸುವಂಥದಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರಿಗೆ ನೀರು ಹಿಡಿಯುವುದೂ ಪೂಜೆಯ ಮೊದಲ ಹೆಜ್ಜೆಯೇ ಅಲ್ಲವೇ?

ಹೊಸ ನಲ್ಲಿ ಹಾಕಿಸೋಣವೆಂದಾಗ ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದವು. ಯಜಮಾನರು, “ಇನ್ನೂರು ರೂಪಾಯಿಗೆ ಪ್ಲಾಸ್ಟಿಕ್ಕಿನದು ಸಿಕ್ಕುತ್ತದೆ, ಹಾಕಿಸಿದರೆ ಮುಗಿಯಿತು” ಎಂದರು. ಬೆಂಗಳೂರಿನಲ್ಲಿರುವ ಮಗ, ಎಳೆದರೆ ಉದ್ದವಾಗಿ ಬರುವ, ತುಂತುರಾಗಿಯೂ ಧಾರೆಯಾಗಿಯೂ ಸುರಿಯುವ 7,800 ರೂಪಾಯಿಯ ನಲ್ಲಿಯ ಚಿತ್ರವನ್ನು ಮೊಬೈಲಿಗೆ ಕಳುಹಿಸಿ, “ಅಮ್ಮಾ, ಇದನ್ನೇ ತರಿಸುತ್ತೇನೆ” ಎಂದ. ಅತ್ತೆಯವರು, “ನನಗೋಸ್ಕರವಾದರೆ ಯಾವುದೂ ಬೇಡ” ಎಂದುಬಿಟ್ಟರು.

ಮಗನ ಪ್ರೀತಿ ದೊಡ್ಡದು, ಆದರೆ ನಮ್ಮ ತೊಟ್ಟಿ ಚಿಕ್ಕದು. ನೀರಿನ ತೊಟ್ಟಿಯು ನಲ್ಲಿಗಿಂತ ಹತ್ತು ಮೀಟರು ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಸಿಗುತ್ತದೆ. ನಮ್ಮದು ಒಂದೇ ಅಂತಸ್ತಿನ ಮನೆ. ತೊಟ್ಟಿಗೂ ನಲ್ಲಿಗೂ ಮೂರು ಮೀಟರು ಅಂತರ. ಒತ್ತಡವೂ ಹತ್ತರಲ್ಲಿ ಮೂರು ಪಾಲು. ಮಹಡಿಯ ಮೇಲೆ ಮಹಡಿ ಇರುವ ಕಟ್ಟಡಗಳಿಗೆ, ಒತ್ತಡದ ಪಂಪು ಉಳ್ಳವರಿಗೆ ಹೇಳಿಸಿದ ತುಂತುರು ನಲ್ಲಿಯು ನಮ್ಮಲ್ಲಿ ಮುಕ್ಕಿ ಮುಲುಗಿ ಹನಿಸುತ್ತಿತ್ತು. ಅದರ ಸಣ್ಣ ಸಣ್ಣ ರಂಧ್ರಗಳನ್ನು ನಮ್ಮ ನೀರಿನ ಸುಣ್ಣವು ಬೇಗನೆ ಮುಚ್ಚಿಯೂ ಬಿಡುತ್ತಿತ್ತು. ಇನ್ನು ಪ್ಲಾಸ್ಟಿಕ್ಕಿನ ನಲ್ಲಿ ತುಕ್ಕು ಹಿಡಿಯದು, ಸುಣ್ಣಕ್ಕೆ ಅಷ್ಟಾಗಿ ಹೆದರದು, ಹಿತ್ತಲಿಗೆ ಒಳ್ಳೆಯದೇ. ಆದರೆ ನಾವು ನೋಡಿದವುಗಳ ಹಿಡಿ ಚಿಕ್ಕದು, ನುಣುಪು. ಒದ್ದೆ ಕೈಗೆ, ಅದರಲ್ಲಿಯೂ ಮಡಿಸಲಾಗದ ಬೆರಳುಗಳಿಗೆ ಸಿಕ್ಕುವಂಥದಲ್ಲ.

ನಾವಿಬ್ಬರೂ ರಾಬರ್ಟ್‌ಸನ್‌ಪೇಟೆಗೆ ಹೋಗಿ ಅಂಗಡಿಗಳನ್ನು ಸುತ್ತಿದೆವು. ಒಂದು ಅಂಗಡಿಯಲ್ಲಿ ಥಳಥಳ ಹೊಳೆಯುವ ನಲ್ಲಿಯೊಂದನ್ನು ತೋರಿಸಿ, “ಪೂರಾ ಹಿತ್ತಾಳೆ ಅಮ್ಮಾ, 900 ರೂಪಾಯಿ” ಎಂದರು. ಪಕ್ಕದಲ್ಲಿಯೇ ಅಷ್ಟೇ ಗಾತ್ರದ ಇನ್ನೊಂದಿತ್ತು. ಎರಡನ್ನೂ ಎರಡು ಕೈಯಲ್ಲಿ ಹಿಡಿದಾಗ ಮೊದಲನೆಯದು ಹೂವಿನಂತೆ ಹಗುರ. ತಿರುಗಿಸಿ ಒಳಬಾಯಿಯ ಮರೆಯನ್ನು ನೋಡಿದರೆ ಹಳದಿಯ ಬದಲು ಬೂದು ಬಣ್ಣ. ಸತುವಿನ ಮಿಶ್ರಲೋಹಕ್ಕೆ ಕ್ರೋಮಿಯಂ ಲೇಪ ಕೊಟ್ಟದ್ದು. ಅಂಥದು ಗಡಸು ನೀರಿನಲ್ಲಿ ಒಳಗಿನಿಂದಲೇ ತಿಂದುಹೋಗುತ್ತದೆ. ಕೆಲವು ವರ್ಷಗಳಲ್ಲಿ ಮರೆಯ ಜಾಗ ಮುರಿದು ಗೋಡೆಯೊಳಗೇ ಉಳಿದುಬಿಡುತ್ತದೆ. ಅಯಸ್ಕಾಂತವಿಟ್ಟು ಪರೀಕ್ಷಿಸಿದರೆ ಪ್ರಯೋಜನವಿಲ್ಲ; ಹಿತ್ತಾಳೆಗೂ ಅದು ಅಂಟದು, ಸತುವಿಗೂ ಅಂಟದು. ತೂಕ, ಒಳಮೈಯ ಬಣ್ಣ, ಐ.ಎಸ್.ಐ. ಗುರುತು, ಈ ಮೂರನ್ನೂ ನೋಡಬೇಕು. ತಿರುಪಿನ ಸಾದಾ ನಲ್ಲಿಗೆ ಐ.ಎಸ್. 781, ಅಲಂಕಾರದ ಹೊಸ ಮಾದರಿಯವಕ್ಕೆ ಐ.ಎಸ್. 8931 ಎಂಬ ಸಂಖ್ಯೆಗಳಿವೆ.

ಕೊನೆಗೆ ನಾವು ಕೊಂಡದ್ದು 1,650 ರೂಪಾಯಿಯ ಹಿತ್ತಾಳೆಯ ಕಾಲು ಸುತ್ತಿನ ನಲ್ಲಿ. ಇದರೊಳಗೆ ರಬ್ಬರಿನ ಬದಲು ಪಿಂಗಾಣಿಯಂಥ ಗಟ್ಟಿ ವಸ್ತುವಿನ ನುಣುಪಾದ ಎರಡು ಬಿಲ್ಲೆಗಳಿರುತ್ತವೆ. ಹಿಡಿಯನ್ನು ಕಾಲು ಸುತ್ತು ಸರಿಸಿದರೆ ಬಿಲ್ಲೆಗಳ ರಂಧ್ರಗಳು ಒಂದಕ್ಕೊಂದು ಎದುರಾಗಿ ನೀರು ಬರುತ್ತದೆ. ಮರಳಿ ಸರಿಸಿದರೆ ನಿಲ್ಲುತ್ತದೆ. ಒತ್ತುವ ಬಲ ಬೇಕಿಲ್ಲ. ಅಂಗಡಿಯಲ್ಲಿ ನಾನು ಮುಷ್ಟಿ ಬಿಗಿದು, ಬೆರಳುಗಳನ್ನು ಬಳಸದೆ, ಮಣಿಕಟ್ಟಿನಿಂದಲೇ ಅದರ ಉದ್ದ ಹಿಡಿಯನ್ನು ತಳ್ಳಿ ನೋಡಿದೆ. ಸಲೀಸಾಗಿ ಸರಿಯಿತು. ಅಂಗಡಿಯವರು ನಕ್ಕರು. ಆ ನಗೆಗೆ ಬೆಲೆ ಕಟ್ಟಬೇಕಾಗಿರಲಿಲ್ಲ.

ನಲ್ಲಿ ಕೂರಿಸಲು ಬಂದವನು ಚಾಂಪಿಯನ್ ರೀಫ್ಸ್ ಕಡೆಯ ಲೈನಿನ ತಂಬಿ. ಗಣಿ ಮುಚ್ಚಿದಂದಿನಿಂದ ಅಲ್ಲಿಯ ಸಾವಿರಾರು ಮಂದಿಯಂತೆ ಅವನೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವವನು. ಭಾನುವಾರ ಮಾತ್ರ ಊರ ಕೆಲಸ ಹಿಡಿಯುತ್ತಾನೆ. ಕೂಲಿ ಏಳುನೂರೆಂದು ಮೊದಲೇ ಮಾತಾಯಿತು. ಹಳೆಯ ನಲ್ಲಿಯನ್ನು ತಿರುಗಿಸುವಾಗ ಗೋಡೆಯೊಳಗಿನ ಕಬ್ಬಿಣದ ಕೊಳವೆಯ ತುಂಡು ತುಕ್ಕಿನಿಂದ ಮುರಿಯಿತು. ಎರಡು ಟೈಲು ಒಡೆದು, ತುಂಡನ್ನು ತೆಗೆದು, ಹಿತ್ತಾಳೆಯ ಮರೆಯುಳ್ಳ ಹೊಸ ಮೊಣಕೈ ಜೋಡಿಸಬೇಕಾಯಿತು. ಅಡುಗೆಮನೆಗೆ ಪ್ರತ್ಯೇಕವಾಗಿ ನೀರು ಕಟ್ಟುವ ವಾಲ್ವು ಇಲ್ಲದ್ದನ್ನು ಅವನೇ ತೋರಿಸಿ, “ಇದೊಂದು ಹಾಕಿಸಿಬಿಡಿ ಅಮ್ಮಾ, ಮುಂದೆ ಇಡೀ ಮನೆಯ ನೀರು ನಿಲ್ಲಿಸುವ ತೊಂದರೆ ಇರುವುದಿಲ್ಲ” ಎಂದ. ಹೊಸ ನಲ್ಲಿ ಕೂರಿಸುವ ಮುನ್ನ ಕೊಳವೆಯನ್ನು ಬಕೆಟ್ಟಿಗೆ ತೆರೆದು ಎರಡು ನಿಮಿಷ ನೀರು ಬಿಟ್ಟ. ತುಕ್ಕು, ಮರಳು, ಸುಣ್ಣದ ಚೂರು ಎಲ್ಲ ಬಂದವು. ಆ ಚೂರೊಂದು ಒಳಹೊಕ್ಕರೆ ಬಿಲ್ಲೆಗಳಿಗೆ ಗೀರು ಬಿದ್ದು ಹೊಸ ನಲ್ಲಿಯೂ ಹಳೆಯದರ ಹಾದಿ ಹಿಡಿಯುತ್ತದೆಯಂತೆ.

ಅತ್ತೆಯವರು ಹತ್ತಿರ ಮಣೆ ಹಾಕಿಸಿಕೊಂಡು ಕುಳಿತು ಅವನೊಂದಿಗೆ ತಮಿಳಿನಲ್ಲಿ ಮಾತನಾಡುತ್ತಿದ್ದರು. ಅವನ ತಂದೆಯೂ ಪೈಪಿನ ಕೆಲಸದವರು, ಲೈನುಗಳ ಕೊಳಾಯಿಗಳನ್ನು ನೋಡಿಕೊಳ್ಳುತ್ತಿದ್ದವರು ಎಂಬುದು ಆಗ ಗೊತ್ತಾಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಿಂದ ಹಗಲಿರುಳು ನೀರನ್ನು ಮೇಲೆತ್ತುತ್ತಿದ್ದ ಕಾಲದ ಮಾತು ಬಂತು. ಪಂಪುಗಳು ನಿಂತ ಮೇಲೆ ಆ ಸುರಂಗಗಳಲ್ಲೆಲ್ಲ ನೀರು ತುಂಬಿಕೊಂಡಿದೆ. ಮೇಲಿನ ಮನೆಗಳಲ್ಲಿ ಕೊಡಗಳು ಸಾಲು ನಿಂತಿವೆ ಎಂದು ಅವನು ನಿಟ್ಟುಸಿರಿಟ್ಟ.

ಆ ಹೊತ್ತಿಗೆ ಬಂದ ನೆರೆಯವರೊಬ್ಬರು ನನ್ನನ್ನು ಬದಿಗೆ ಕರೆದು, “ಅಡುಗೆಮನೆಯೊಳಕ್ಕೇ ಬಿಟ್ಟುಕೊಂಡಿರಾ? ಪೂಜೆಗೆ ನೀರು ಹಿಡಿಯುವ ಜಾಗವಲ್ಲವೇ?” ಎಂದು ಕೇಳಿದರು. ನಾನು ಉತ್ತರಿಸುವ ಮುನ್ನ ಅತ್ತೆಯವರೇ ಕುಳಿತಲ್ಲಿಂದ, “ನಲವತ್ತು ವರ್ಷ ನಾನು ಅಗ್ಘವಣಿ ಹಿಡಿದ ಕೊಳಾಯಿಯನ್ನು ರಿಪೇರಿ ಮಾಡಿದವರು ಇವರಪ್ಪ. ಅಂದು ಆಗಿದ್ದ ನೀರು ಇಂದು ಆಗದೇನಮ್ಮಾ?” ಎಂದರು. ನೆರೆಯವರು ಮಾತು ಬದಲಿಸಿದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಬಸವ ಜಯಂತಿಯ ಭಾಷಣಗಳಲ್ಲಿ ನಾವೆಲ್ಲ ಕೇಳಿದ್ದೇವೆ, ಚಪ್ಪಾಳೆ ತಟ್ಟಿದ್ದೇವೆ. ಅಡುಗೆಮನೆಯ ಹೊಸ್ತಿಲಿನಲ್ಲಿ ಆ ಮಾತನ್ನು ನಡೆಸಿ ತೋರಿಸಿದವರು, ಭಾಷಣ ಮಾಡಲರಿಯದ ನಮ್ಮ ಅತ್ತೆಯವರು. ಮಧ್ಯಾಹ್ನ ತಂಬಿಗೆ ನಮ್ಮೊಂದಿಗೇ ಎಲೆ ಹಾಕಿಸಿದರು.

ಸಾಮಾನಿಗೆಂದು ಕೊಟ್ಟಿದ್ದ ಮುನ್ನೂರು ರೂಪಾಯಿಯಲ್ಲಿ ಉಳಿದ ಅರುವತ್ತನ್ನು ಅವನು ಚೀಟಿಯೊಂದಿಗೆ ಹಿಂದಿರುಗಿಸಿದ. ಗೋಡೆ ಒಡೆಯುವ ಕೆಲಸ ಹೆಚ್ಚಾಯಿತೆಂದು ಯಜಮಾನರು ಇನ್ನೊಂದು ನೂರು ಕೊಡಹೋದರೆ, “ಮಾತಾಡಿದ್ದು ಏಳುನೂರು ಸಾರ್” ಎಂದು ಕೈ ಹಿಂದೆಗೆದ. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದ ಶರಣೆ ಆಕೆ. ಈ ಕಥೆಯನ್ನು ಕೇಳಿರದವನು ಅದನ್ನು ಬದುಕುತ್ತಿದ್ದಾನಲ್ಲಾ ಎಂದು ಬೆರಗಾಯಿತು.

ಈಗ ಲೆಕ್ಕ. ನಲ್ಲಿ 1,650, ನೀರು ಕಟ್ಟುವ ವಾಲ್ವು 380, ಮೊಣಕೈ ಮೊದಲಾದ ಜೋಡಣೆಗಳು 240, ಟೆಫ್ಲಾನ್ ಟೇಪು ಎರಡು ಸುರುಳಿ 40, ಟೈಲು, ಸಿಮೆಂಟು 270, ತಂಬಿಯ ಕೂಲಿ 700, ಟೈಲು ಕೂರಿಸಿದ ಗಾರೆಯವರಿಗೆ 500, ಹೋಗಿ ಬಂದ ಖರ್ಚು 100. ಒಟ್ಟು 3,880 ರೂಪಾಯಿ. ನಲ್ಲಿಯ ಬೆಲೆ ಇದರಲ್ಲಿ ಅರ್ಧಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು. ಅಂಗಡಿಯಲ್ಲಿ ಕೇಳಿದ ಬೆಲೆಯ ಎರಡರಷ್ಟಕ್ಕೂ ತುಸು ಹೆಚ್ಚನ್ನು ಕೈಯಲ್ಲಿಟ್ಟುಕೊಂಡೇ ಹಳೆಯ ಮನೆಯವರು ಈ ಕೆಲಸಕ್ಕೆ ಕೈಹಾಕುವುದು ಲೇಸು. ಸೋರಿಕೆಯ ನೀರಿಗೆ ವರ್ಷಕ್ಕೆ 1,050, ವಾಷರಿನ ರಿಪೇರಿಗೆ 480 ರೂಪಾಯಿ ಉಳಿಯುವುದರಿಂದ ಸುಮಾರು ಎರಡೂವರೆ ವರ್ಷದಲ್ಲಿ ಹಾಕಿದ ಹಣ ಮರಳುತ್ತದೆ. ಅತ್ತೆಯವರು ಮರುದಿನದಿಂದಲೇ ಜಾವದಲ್ಲೆದ್ದು ತಾವೇ ತಂಬಿಗೆ ತುಂಬಿಸಿಕೊಳ್ಳುತ್ತಿದ್ದಾರೆ. ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಲೆಕ್ಕ ಬರೆಯುವ ಯಜಮಾನರಿಗೂ ತಿಳಿಯಲಿಲ್ಲ.

ಸೋದರಿಯರಿಗೆ ಎರಡು ಕಿವಿಮಾತು. ನಲ್ಲಿಯ ತುದಿಯಲ್ಲಿರುವ ಜಾಲರಿಯನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿದರೆ ಸುಣ್ಣ ಬಿಡುತ್ತದೆ. ಹೊಳಪಿನ ಮೇಲ್ಮೈಯನ್ನು ನಾರಿನಿಂದ ಉಜ್ಜಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ನಮ್ಮ ಸಮಾಜದ ಹಿರಿಯರಲ್ಲಿ ಒಂದು ಬಿನ್ನಹವೂ ಉಂಟು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಪೂಜೆಯಾಗಿ ಕಂಡವರು. ಕೆರೆ ಕಟ್ಟಿಸುವ ಶಕ್ತಿ ನಮಗೆಲ್ಲರಿಗೂ ಇರಲಾರದು. ಆದರೆ ನಮ್ಮ ಮಠಗಳ ದಾಸೋಹದ ಮನೆಗಳಲ್ಲಿ, ಸಮುದಾಯ ಭವನಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ ಕೈ ತೊಳೆಯುವ ಕಡೆ ಸಾಲಾಗಿ ಇರುವ ನಲ್ಲಿಗಳಲ್ಲಿ ಎಷ್ಟು ಸೋರುತ್ತಿವೆ, ಎಷ್ಟನ್ನು ವಯೋವೃದ್ಧರು ತಿರುಗಿಸಲಾರರು ಎಂಬುದನ್ನು ಒಂದು ದಿನ ಎಣಿಸಿ ನೋಡಬಹುದು. ಹಬ್ಬ ಜಯಂತಿಗಳ ಚಂದಾ ಹಣದಲ್ಲಿ ಒಂದು ಪಾಲನ್ನು ಅವುಗಳಿಗೆ ತೆಗೆದಿಟ್ಟರೆ ಅದೂ ದಾಸೋಹವೇ. ಹೆಸರು ಕೆತ್ತಿಸಲು ನಲ್ಲಿಯ ಮೇಲೆ ಜಾಗವಿಲ್ಲ. ಆದರೆ ಅದನ್ನು ತೆರೆಯುವ ಪ್ರತಿಯೊಂದು ಮುದಿಗೈಯೂ ಹರಸುತ್ತದೆ.